ಮೈಭಾರವೂ ಹೃದಯದ ಹೊರೆಯೂ

“ಹುಡುಗ ಮೈಕೈ ತುಂಬಿಕೊಂಡಿದ್ದಾನೆ; ಉಂಡ ಅನ್ನ ಮೈಗೆ ಹತ್ತಿದೆ” ಎಂಬುದು ನಮ್ಮ ಕಡೆಯ ಹಿರಿಯರು ಮಕ್ಕಳನ್ನು ಕುರಿತು ಆಡುವ ಮೆಚ್ಚುಗೆಯ ಮಾತು. ಸೊರಗಿದ ಮಗುವನ್ನು ಕಂಡು ತಾಯಿಯ ಮನಸ್ಸು ನೋಯುವುದೂ, ದುಂಡುದುಂಡಾದ ಮಗುವನ್ನು ಕಂಡು ಹಿಗ್ಗುವುದೂ ಸಹಜವೇ. ಈ ಭಾವನೆಗೆ ಕಾರಣವಿಲ್ಲದೆ ಇಲ್ಲ. ನಮ್ಮ ಆದವಾನಿ, ಆಲೂರು, ಕೋಸಿಗಿಗಳ ಸೀಮೆಯು ಮಳೆಯನ್ನೇ ನೆಚ್ಚಿಕೊಂಡು ಬಾಳಿದ ಸೀಮೆ. ೧೮೭೬ರಿಂದ ೧೮೭೮ರವರೆಗೆ ದಕ್ಷಿಣ ದೇಶವನ್ನು ಕಾಡಿದ ಧಾತು–ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, ಆಗ ಆದವಾನಿಯನ್ನೂ ಒಳಗೊಂಡಿದ್ದ ಬಳ್ಳಾರಿ ಜಿಲ್ಲೆಯೂ ಕರ್ನೂಲು ಜಿಲ್ಲೆಯೂ ಅತಿಯಾಗಿ ನೊಂದವು. ಅಂಥ ಬರಗಳನ್ನು ಕಂಡುಂಡವರಿಗೆ ಕೊಬ್ಬಿದ ದೇಹವು ಸಿರಿಯ ಗುರುತಾಗಿಯೂ ಆರೋಗ್ಯದ ಗುರುತಾಗಿಯೂ ತೋರಿದ್ದರೆ ಆಶ್ಚರ್ಯವೇನೂ ಇಲ್ಲ.

ಆದರೆ ಕಾಲವು ಬದಲಾಗಿದೆ. ಇಂದು ಲೋಕದಲ್ಲಿಯೂ ನಮ್ಮ ದೇಶದಲ್ಲಿಯೂ ಅತ್ಯಧಿಕ ಮರಣಗಳಿಗೆ ಕಾರಣವಾಗಿರುವುದು ಹೃದಯ ಮತ್ತು ರಕ್ತನಾಳಗಳ ರೋಗ. ಅದಕ್ಕೆ ದಾರಿ ಮಾಡಿಕೊಡುವ ಕಾರಣಗಳಲ್ಲಿ ಅಳತೆ ಮೀರಿದ ಮೈಭಾರವೂ ಒಂದು. ಅದರಲ್ಲಿಯೂ ಹೊಟ್ಟೆಯ ಸುತ್ತ ಸೇರುವ ಕೊಬ್ಬು ಬಹು ಅಪಾಯಕರವಾದುದು. ಬರದ ನಾಡಿನ ಮಕ್ಕಳಾದ ನಮಗೆ ಈ ಅಪಾಯವು ಕಡಿಮೆಯಾಗಿಲ್ಲ, ಬದಲಾಗಿ ಹೆಚ್ಚಾಗಿದೆ ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ತಿಳಿಯ ಹೇಳುವುದೇ ಈ ಲೇಖನದಲ್ಲಿ ನಮ್ಮ ಉದ್ದೇಶ.

ಹೃದಯದ ದುಡಿಮೆ

ಹೃದಯವು ನಮ್ಮ ಮುಷ್ಟಿಯಷ್ಟು ಗಾತ್ರದ, ಸುಮಾರು ೩೦೦ ಗ್ರಾಂ ತೂಕದ ಒಂದು ಸ್ನಾಯುವಿನ ಚೀಲ. ಬಲಭಾಗವು ಮಲಿನ ರಕ್ತವನ್ನು ಶ್ವಾಸಕೋಶಗಳಿಗೆ ಕಳುಹಿಸುತ್ತದೆ; ಎಡಭಾಗವು ಶುದ್ಧವಾಗಿ ಬಂದ ರಕ್ತವನ್ನು ಧಮನಿಗಳ ಮೂಲಕ ದೇಹಕ್ಕೆಲ್ಲ ಹಂಚುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು ೭೨ ಸಲ ಮಿಡಿದು, ಸುಮಾರು ೫ ಲೀಟರು ರಕ್ತವನ್ನು ಮುಂದಕ್ಕೆ ನೂಕುತ್ತದೆ. ಲೆಕ್ಕ ಹಾಕಿದರೆ ದಿನವೊಂದಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಮಿಡಿತಗಳೂ, ಏಳು ಸಾವಿರ ಲೀಟರಿಗೂ ಮಿಕ್ಕಿ ರಕ್ತವೂ ಆಗುತ್ತದೆ. ಬೇಸಗೆಯಲ್ಲಿ ಬೀದಿಗೆ ನೀರು ತರುವ, ಐದು ಸಾವಿರ ಲೀಟರು ಹಿಡಿಯುವ ಟ್ಯಾಂಕರನ್ನು ನಮ್ಮ ವಿದ್ಯಾರ್ಥಿಗಳು ಕಂಡಿರುವರಷ್ಟೆ. ಮುಷ್ಟಿಯಷ್ಟಿರುವ ಈ ಚೀಲವು ಅಂಥ ಸುಮಾರು ಒಂದೂವರೆ ಟ್ಯಾಂಕರಿನಷ್ಟನ್ನು ದಿನದಿನವೂ ಎತ್ತಿ ಹೊಯ್ಯುತ್ತದೆ.

ಆದವಾನಿಯ ಹತ್ತಿಯ ಮಾರುಕಟ್ಟೆಯಲ್ಲಿ ಅಂಡಿಗೆ ಹೊರುವ ಹಮಾಲಿಯು ಹೊರೆಯನ್ನು ಇಳಿಸಿ, ಬೆವರೊರೆಸಿ, ಕ್ಷಣಕಾಲ ನೆರಳಿನಲ್ಲಿ ಕೂರಬಲ್ಲ. ಹೃದಯವೆಂಬ ಹಮಾಲಿಗೆ ಈ ಸುಖವಿಲ್ಲ. ಎರಡು ಮಿಡಿತಗಳ ನಡುವಿನ ಅರೆಗಳಿಗೆಯೇ ಅದರ ವಿಶ್ರಾಂತಿ. ಅದರ ಮೇಲೆ ಹೊರಿಸಿದ ಹೆಚ್ಚಿನ ಹೊರೆಯನ್ನು ಅದು ಹಗಲಿರುಳೂ ಹೊತ್ತೇ ಇರಬೇಕು.

ಕೊಬ್ಬು ಮಾಡುವ ಕೆಡಕು

ಕೊಬ್ಬು ಸ್ವತಃ ಶತ್ರುವಲ್ಲ. ಉಂಡುದರಲ್ಲಿ ಖರ್ಚಾಗದೆ ಉಳಿದುದನ್ನು ದೇಹವು ಕೊಬ್ಬಿನ ರೂಪದಲ್ಲಿ ಕೂಡಿಡುತ್ತದೆ. ಹಗೇವಿನಲ್ಲಿ ಜೋಳ ತುಂಬಿಡುವ ರೈತನಂತೆ, ಆಪತ್ಕಾಲಕ್ಕೆಂದು ಇದು ದೇಹದ ಮುನ್ನೆಚ್ಚರಿಕೆ. ಆದರೆ ತೆಗೆಯುವ ದಿನವೇ ಬಾರದೆ ತುಂಬುತ್ತಲೇ ಹೋದರೆ ಆಗುವ ಕೇಡು ಹಲವು ಬಗೆಯದು.

ಮೊದಲನೆಯದು, ಹೊರೆ. ಕೊಬ್ಬು ಸುಮ್ಮನೆ ಬಿದ್ದಿರುವ ಬೆಣ್ಣೆಯ ಮುದ್ದೆಯಲ್ಲ. ಅದೂ ಜೀವವುಳ್ಳ ಧಾತು. ಅದಕ್ಕೂ ರಕ್ತ ಹರಿಯಬೇಕು. ಮೈ ಬೆಳೆದಂತೆ ರಕ್ತದ ಪ್ರಮಾಣವೂ ಹೆಚ್ಚುತ್ತದೆ. ಪ್ರತಿ ಮಿಡಿತದಲ್ಲಿಯೂ ಹೃದಯವು ಹೆಚ್ಚು ರಕ್ತವನ್ನು ನೂಕಬೇಕಾಗುತ್ತದೆ. ಇಪ್ಪತ್ತೈದರ ಪ್ರಾಯದಿಂದ ವರ್ಷಕ್ಕೆ ಒಂದೇ ಒಂದು ಕಿಲೋ ಏರುತ್ತ ಹೋದವನು ಐವತ್ತರಲ್ಲಿ ೨೫ ಕಿಲೋ ಅಕ್ಕಿಯ ಮೂಟೆಯನ್ನು ಹೊತ್ತು ತಿರುಗುವವನಂತಾಗುತ್ತಾನೆ. ಕಾಲಕ್ರಮದಲ್ಲಿ ಹೃದಯದ ಎಡಗೋಣೆಯ ಗೋಡೆ ದಪ್ಪವಾಗಿ ಬಿಗಿಯುತ್ತದೆ. ಕಟ್ಟಕಡೆಗೆ ಅದು ಬಳಲಿ ಸೋಲುವುದೂ ಉಂಟು.

ಎರಡನೆಯದು, ರಕ್ತದ ಒತ್ತಡ. ಹೆಚ್ಚಿದ ಕೊಬ್ಬು ಮೂತ್ರಪಿಂಡಗಳನ್ನು ಒತ್ತಿ, ದೇಹದಲ್ಲಿ ಉಪ್ಪೂ ನೀರೂ ನಿಲ್ಲುವಂತೆ ಮಾಡುತ್ತದೆ, ನರಗಳನ್ನೂ ಕೆರಳಿಸುತ್ತದೆ. ಇದರಿಂದ ರಕ್ತದ ಒತ್ತಡ ಏರುತ್ತದೆ. ಒತ್ತಡ ಏರಿದವರಲ್ಲಿ ಅನೇಕರಿಗೆ ಯಾವ ನೋವೂ ತೋರುವುದಿಲ್ಲ. ಅಳೆದು ನೋಡಿದಲ್ಲದೆ ತಿಳಿಯದ ರೋಗವಿದು.

ಮೂರನೆಯದು, ಸಕ್ಕರೆಯ ಮತ್ತು ಜಿಡ್ಡಿನ ಕೆಡಕು. ಹೊಟ್ಟೆಯೊಳಗೆ ಕರುಳುಗಳ ಸುತ್ತ ಸೇರುವ ಕೊಬ್ಬಿನಿಂದ ಹೊರಟ ಜಿಡ್ಡಿನ ಅಂಶಗಳು ನೇರವಾಗಿ ಯಕೃತ್ತನ್ನು ಸೇರುತ್ತವೆ. ಆಗ ಇನ್ಸುಲಿನ್ ಎಂಬ ರಸದ ಮಾತನ್ನು ದೇಹವು ಸರಿಯಾಗಿ ಕೇಳದಂತಾಗುತ್ತದೆ. ರಕ್ತದಲ್ಲಿ ಸಕ್ಕರೆ ಏರಿ ಮಧುಮೇಹ ಬರುತ್ತದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಜಿಡ್ಡು ಹೆಚ್ಚುತ್ತದೆ. ರಕ್ತನಾಳಗಳಿಗೆ ಹಿತವಾದ ಕೊಲೆಸ್ಟರಾಲ್ ಇಳಿಯುತ್ತದೆ.

ಈ ಮೂರೂ ಕೂಡಿ ಮಾಡುವ ಅನಾಹುತವೇ ಧಮನಿಗಳ ಕೆಡಕು. ಹೃದಯವು ದೇಹಕ್ಕೆಲ್ಲ ರಕ್ತವನ್ನು ಹಂಚಿದರೂ, ತನ್ನ ಪೋಷಣೆಗೆ ಕಿರೀಟ ಧಮನಿಗಳೆಂಬ ಕಿರಿದಾದ ನಾಳಗಳನ್ನೇ ನಂಬಿದೆ. ಇವುಗಳ ಒಳಗೋಡೆಯಲ್ಲಿ ಜಿಡ್ಡು ಸೇರಿ, ಉರಿಯೂತ ಹುಟ್ಟಿ, ನಾಳವು ಇಕ್ಕಟ್ಟಾಗುತ್ತ ಬರುತ್ತದೆ. ಒಂದು ದಿನ ಆ ಜಿಡ್ಡಿನ ಪದರ ಒಡೆದು, ಅಲ್ಲಿ ರಕ್ತವು ಹೆಪ್ಪುಗಟ್ಟಿ ದಾರಿ ಮುಚ್ಚಿತೆಂದರೆ, ಆ ನಾಳವು ಉಣಿಸುತ್ತಿದ್ದ ಸ್ನಾಯುವಿನ ಭಾಗ ಸಾಯತೊಡಗುತ್ತದೆ. ಇದೇ ಹೃದಯಾಘಾತ.

ಇಷ್ಟೇ ಅಲ್ಲದೆ, ಕುತ್ತಿಗೆಯ ಸುತ್ತ ಕೊಬ್ಬು ಸೇರಿದವರಿಗೆ ನಿದ್ರೆಯಲ್ಲಿ ಉಸಿರಿನ ದಾರಿ ಮತ್ತೆ ಮತ್ತೆ ಮುಚ್ಚುವುದುಂಟು. ಜೋರಾಗಿ ಗೊರಕೆ ಹೊಡೆಯುವುದನ್ನು ನಾವು ಗಾಢನಿದ್ರೆಯ ಗುರುತೆಂದು ತಿಳಿದು ನಗುತ್ತೇವೆ. ಗೊರಕೆಯ ನಡುವೆ ಉಸಿರು ಕಟ್ಟಿ, ಬೆಚ್ಚಿ ಏಳುವವನ ಹೃದಯವು ರಾತ್ರಿಯೆಲ್ಲ ಸಂಕಟಪಡುತ್ತಿರುತ್ತದೆ.

ವೈದ್ಯರು ಕಂಡುಕೊಂಡ ಬಗೆ

ಈ ವಿಷಯಗಳು ಒಂದು ದಿನದಲ್ಲಿ ತಿಳಿದುಬಂದುವಲ್ಲ. ೧೯೪೭ರಲ್ಲಿ ಫ್ರಾನ್ಸ್ ದೇಶದ ಜೀನ್ ವಾಗ್ ಎಂಬ ವೈದ್ಯರು, ಕೊಬ್ಬು ಎಷ್ಟಿದೆ ಎಂಬುದಲ್ಲದೆ ಎಲ್ಲಿದೆ ಎಂಬುದೂ ಮುಖ್ಯವೆಂದು ತೋರಿಸಿದರು. ಸೊಂಟ ತೊಡೆಗಳಲ್ಲಿ ಸೇರಿದ ಕೊಬ್ಬಿಗಿಂತ ದೇಹದ ಮೇಲ್ಭಾಗದಲ್ಲಿ, ಹೊಟ್ಟೆಯಲ್ಲಿ ಸೇರಿದ ಕೊಬ್ಬು ಹೆಚ್ಚು ರೋಗಗಳನ್ನು ತರುತ್ತದೆಂಬುದು ಅವರ ಮತ. ೧೯೪೮ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ೫,೨೦೯ ಮಂದಿ ಸ್ತ್ರೀಪುರುಷರನ್ನು ಆರಿಸಿ, ವರ್ಷಗಟ್ಟಲೆ ಅವರ ಆರೋಗ್ಯವನ್ನು ಗಮನಿಸುವ ಮಹತ್ಕಾರ್ಯ ಆರಂಭವಾಯಿತು. ೨೬ ವರ್ಷಗಳ ಲೆಕ್ಕವನ್ನು ನೋಡಿ ೧೯೮೩ರಲ್ಲಿ ಪ್ರಕಟಿಸಿದ ವರದಿಯು, ರಕ್ತದ ಒತ್ತಡ, ಕೊಲೆಸ್ಟರಾಲ್ ಮೊದಲಾದ ಕಾರಣಗಳನ್ನು ಬೇರ್ಪಡಿಸಿ ನೋಡಿದರೂ ಅಧಿಕ ತೂಕವು ತಾನೇ ಒಂದು ಕಾರಣವಾಗಿ ನಿಲ್ಲುತ್ತದೆಂದು ತಿಳಿಸಿತು.

ಇನ್ನೊಂದು ಶೋಧನೆ ನಮ್ಮ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾಗಿ ತೋರಬಹುದು. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವೆಲ್ಲ ಕುಳಿತಿರುತ್ತಿದ್ದ. ನಿರ್ವಾಹಕನು ಟಿಕೇಟು ಕೊಡುತ್ತ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದ. ಜೆರೆಮಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ ೧೯೫೩ರಲ್ಲಿ ಪ್ರಕಟಿಸಿದಂತೆ, ನಿರ್ವಾಹಕರಿಗಿಂತ ಚಾಲಕರಲ್ಲಿ ಹೃದ್ರೋಗ ಹೆಚ್ಚಾಗಿತ್ತು. ೧೯೫೬ರಲ್ಲಿ ಅವರು ಈ ನೌಕರರ ಸಮವಸ್ತ್ರಗಳ ಅಳತೆಗಳನ್ನೇ ಪರೀಕ್ಷಿಸಿದರು. ಚಾಲಕರ ಷರಾಯಿಗಳ ಸೊಂಟದ ಅಳತೆಯೇ ದೊಡ್ಡದಾಗಿತ್ತು! ಆದರೆ ಕೂತು ದುಡಿಯುವವರಿಗೆ ರೋಗ ಹೆಚ್ಚಿದುದಕ್ಕೆ ಮೈಭಾರವೊಂದೇ ಕಾರಣವಲ್ಲ, ಚಲನೆಯ ಕೊರತೆಯೂ ಕಾರಣವೆಂದು ಮುಂದಿನ ಪರೀಕ್ಷೆಗಳಿಂದ ತಿಳಿಯಿತು. ತೂಕ, ದುಡಿಮೆ ಎರಡನ್ನೂ ಜೊತೆಯಾಗಿಯೇ ನೋಡಬೇಕೆಂಬುದು ಇದರ ಪಾಠ.

ನಮ್ಮವರ ದೇಹದ ವಿಶೇಷ

ಇಷ್ಟನ್ನು ಓದಿದವರು, “ಅವೆಲ್ಲ ಧಡೂತಿ ಮೈಯ ವಿದೇಶೀಯರ ಮಾತು; ನಾವು ತೆಳ್ಳಗಿನ ಜನ” ಎನ್ನಬಹುದು. ತಪ್ಪುವುದು ಇಲ್ಲಿಯೇ. ೨೦೦೪ರಲ್ಲಿ ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ತಮ್ಮ ದೇಹಗಳನ್ನೇ ಪರೀಕ್ಷೆಗೊಡ್ಡಿಕೊಂಡು ಒಂದು ಪುಟ್ಟ ಲೇಖನ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಸಮಾನರು. ಇಬ್ಬರ ಅಂಕವೂ ೨೨.೩. ಆದರೆ ಆಂಗ್ಲ ವೈದ್ಯರ ದೇಹದಲ್ಲಿ ಕೊಬ್ಬಿನ ಭಾಗ ನೂರಕ್ಕೆ ೯.೧, ಭಾರತೀಯ ವೈದ್ಯರಲ್ಲಿ ನೂರಕ್ಕೆ ೨೧.೨! ಹೊರಗೆ ಸಪೂರವಾಗಿ ಕಾಣುವ ನಮ್ಮ ದೇಹದ ಒಳಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಆ ಕೊಬ್ಬಾದರೂ ಹೊಟ್ಟೆಯಲ್ಲಿಯೇ ಮೊದಲು ನೆಲೆಸುವಂಥದು.

ಹೀಗೇಕೆ ಎಂಬುದಕ್ಕೆ ಕನ್ನಡ ನಾಡಿನಿಂದಲೇ ಒಂದು ಉತ್ತರ ದೊರೆತಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನರು ಮಿಷನ್ ಆಸ್ಪತ್ರೆಯೆಂದೇ ಕರೆಯುವರು. ಅಲ್ಲಿ ಹುಟ್ಟಿದ ಕೂಸುಗಳ ತೂಕವನ್ನು ದಾದಿಯರು ತಪ್ಪದೆ ಬರೆದಿಟ್ಟಿದ್ದರು. ೧೯೩೪ರಿಂದ ೧೯೫೪ರೊಳಗೆ ಅಲ್ಲಿ ಜನಿಸಿ ದೊಡ್ಡವರಾಗಿದ್ದ ೫೧೭ ಮಂದಿಯನ್ನು ಹುಡುಕಿ ಪರೀಕ್ಷಿಸಿದ ಫಲವು ೧೯೯೬ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದ್ರೋಗ ಕಂಡುಬಂದರೆ, ಒಳ್ಳೆಯ ತೂಕದಿಂದ ಹುಟ್ಟಿದವರಲ್ಲಿ ನೂರಕ್ಕೆ ೩ ಮಂದಿಗೆ ಮಾತ್ರ ಕಂಡುಬಂದಿತು. ಗರ್ಭದಲ್ಲಿ ಕೊರತೆಯುಂಡು ಬೆಳೆದ ದೇಹವು ಸ್ವಲ್ಪದರಲ್ಲಿ ಬಾಳಲು ಸಿದ್ಧವಾಗಿರುತ್ತದೆ. ಮುಂದೆ ಹೆಚ್ಚು ದೊರೆತಾಗ ಅದನ್ನು ತಾಳಿಕೊಳ್ಳುವ ಶಕ್ತಿ ಅದಕ್ಕೆ ಸಾಲದು ಎಂದು ವಿದ್ವಾಂಸರು ಇದನ್ನು ವಿವರಿಸುವರು.

ನಮ್ಮ ಸೀಮೆಗೆ ಈ ಮಾತು ಎಷ್ಟು ಹತ್ತಿರವಾದುದು! ಕೋಸಿಗಿ, ಕೌತಾಳಂ, ಪೆದ್ದಕಡುಬೂರುಗಳ ಕಡೆಯಿಂದ ಸುಗ್ಗಿಯ ಕೂಲಿಗೆಂದು ಗುಂಟೂರಿನ ಮೆಣಸಿನಕಾಯಿ, ಹತ್ತಿಯ ಹೊಲಗಳಿಗೆ ಸಂಸಾರ ಸಮೇತ ಹೊರಡುವವರನ್ನು ನಾವು ಬಲ್ಲೆವು. ಹೊಟ್ಟೆ ತುಂಬ ಉಣ್ಣದ ಬಸುರಿಯ ಕೂಸು ಸಣ್ಣದಾಗಿ ಹುಟ್ಟುತ್ತದೆ. ಅದೇ ಕೂಸು ಬೆಳೆದು, ಓದಿ, ಪೇಟೆಯಲ್ಲಿ ಕುರ್ಚಿಯ ಕೆಲಸ ಹಿಡಿದು, ಹೊಟ್ಟೆ ಬೆಳೆಸಿದಾಗ ಅದರ ಹೃದಯಕ್ಕೆ ಇತರರಿಗಿಂತ ಹೆಚ್ಚಿನ ಅಪಾಯ. ಆದುದರಿಂದ ಇದನ್ನು ಸಿರಿವಂತರ ರೋಗವೆಂದು ತಳ್ಳಿಹಾಕಲಾಗದು. ಬಸುರಿ ಹೆಂಗಸಿಗೆ ಒಳ್ಳೆಯ ಊಟವಿಕ್ಕುವುದೂ ಹೃದ್ರೋಗವನ್ನು ತಡೆಯುವ ಒಂದು ಉಪಾಯವೇ ಸರಿ.

ಅಳೆದು ನೋಡುವ ಕ್ರಮ

ತೂಕವು ಹೆಚ್ಚೋ ಅಲ್ಲವೋ ಎಂಬುದನ್ನು ಕಣ್ಣಂದಾಜಿನಿಂದ ಹೇಳಬಾರದು. ಕಿಲೋಗಳಲ್ಲಿರುವ ತೂಕವನ್ನು, ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. ಎತ್ತರ ೧.೬ ಮೀಟರು, ತೂಕ ೭೨ ಕಿಲೋ ಎನ್ನೋಣ. ೧.೬ರ ವರ್ಗ ೨.೫೬, ೭೨ನ್ನು ಅದರಿಂದ ಭಾಗಿಸಿದರೆ ಸುಮಾರು ೨೮. ಭಾರತೀಯ ವಯಸ್ಕರಿಗೆ ಈ ಅಂಕವು ೨೩ಕ್ಕಿಂತ ಕಡಿಮೆಯಿರುವುದು ಲೇಸು. ೨೩ ದಾಟಿದರೆ ಅಧಿಕ ತೂಕವೆಂದೂ, ೨೫ ಅಥವಾ ಅದಕ್ಕೆ ಮೇಲಾದರೆ ಬೊಜ್ಜೆಂದೂ ನಮ್ಮ ದೇಶದ ವೈದ್ಯರು ಎಣಿಸುವರು. ಪಶ್ಚಿಮದ ದೇಶಗಳಲ್ಲಿ ಈ ಮಿತಿಗಳು ೨೫ ಮತ್ತು ೩೦ ಆಗಿವೆ. ನಮಗೆ ಮಿತಿಯನ್ನು ತಗ್ಗಿಸಿದುದಕ್ಕೆ ಕಾರಣವನ್ನು ಮೇಲೆ ಹೇಳಿದ್ದೇವೆ.

ಇದಕ್ಕಿಂತಲೂ ಸುಲಭವಾದುದು ದರ್ಜಿಯ ಟೇಪಿನ ಅಳತೆ. ಕಟ್ಟಕಡೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟು, ಹೊಟ್ಟೆಯನ್ನು ಒಳಗೆಳೆಯದೆ ಸುತ್ತಳತೆ ತೆಗೆದುಕೊಳ್ಳಬೇಕು. ಅದು ಗಂಡಸರಲ್ಲಿ ೯೦ ಸೆಂಟಿಮೀಟರನ್ನೂ ಹೆಂಗಸರಲ್ಲಿ ೮೦ ಸೆಂಟಿಮೀಟರನ್ನೂ ಮೀರಬಾರದು. ಎತ್ತರದ ಅರ್ಧಕ್ಕಿಂತ ಹೊಟ್ಟೆಯ ಸುತ್ತಳತೆ ಕಡಿಮೆಯಿರಲಿ ಎಂಬ ಸೂತ್ರವೂ ನೆನಪಿಡಲು ಸುಲಭ. ಬೆಳೆಯುವ ಮಕ್ಕಳಿಗೆ ಮಾತ್ರ ಮೇಲಿನ ಅಂಕಗಳು ಸಲ್ಲವು. ಅವರದನ್ನು ವಯಸ್ಸಿಗೆ ತಕ್ಕ ಪಟ್ಟಿಯೊಡನೆ ಹೋಲಿಸಿ ವೈದ್ಯರೇ ಹೇಳಬೇಕು.

ಊಟವೂ ನಡೆಯೂ

ನಮ್ಮ ಅಜ್ಜಂದಿರು ಎರೆ ಹೊಲದ ಜೋಳದ ರೊಟ್ಟಿ, ಮಸಾರಿ ಹೊಲದ ನವಣೆ ಸಜ್ಜೆಗಳನ್ನು ಉಂಡು, ದಿನವೆಲ್ಲ ಮಡಕೆಯ ಹಿಂದೆ ನಡೆದವರು. ೧೯೮೩ರಲ್ಲಿ ಎನ್. ಟಿ. ರಾಮರಾವ್ ಅವರ ಸರ್ಕಾರವು ಕಿಲೋಗೆ ೨ ರೂಪಾಯಿಯಂತೆ ಅಕ್ಕಿ ಕೊಡತೊಡಗಿದುದು ಬಡವರ ಹಸಿವನ್ನು ತಣಿಸಿದ ದೊಡ್ಡ ಉಪಕಾರ. ಅದರ ಜೊತೆಯಲ್ಲಿ, ಹಬ್ಬದೂಟವಾಗಿದ್ದ ಬಿಳಿಯ ಅನ್ನವು ಎರಡು ಹೊತ್ತಿನ ಊಟವಾಗಿ, ಜೋಳ ನವಣೆಗಳು ಹಿಂದೆ ಸರಿದುವು. ನಡಿಗೆಯ ಸ್ಥಾನವನ್ನು ಮೋಟಾರು ಸೈಕಲ್ಲು ಹಿಡಿಯಿತು. ಉಣ್ಣುವುದು ಸುಲಭವಾಗಿ, ದುಡಿಯುವುದು ಕಡಿಮೆಯಾದಾಗ ಮಿಕ್ಕುದು ಹೊಟ್ಟೆಯ ಸುತ್ತ ಸೇರಿತು. ಜೋಳದಲ್ಲಿ ಮಾಯೆಯೇನೂ ಇಲ್ಲ. ಕೂತಲ್ಲಿಯೇ ಕೂತು ರೊಟ್ಟಿ ತಿಂದರೂ ಮೈ ಬರುತ್ತದೆ. ಆದರೆ ನಾರಿನ ಅಂಶವಿರುವುದರಿಂದ ಅದು ಬೇಗ ಹೊಟ್ಟೆ ತುಂಬಿಸುತ್ತದೆ, ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆ. ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತಷ್ಟೆ. ನಮ್ಮ ಹಳೆಯ ಊಟಕ್ಕೆ ಲೋಕವೇ ಮನ್ನಣೆಯಿತ್ತಾಗ ನಾವು ಅದನ್ನು ಕೀಳೆಂದು ಎಣಿಸಬೇಕೆ?

ಎಣ್ಣೆಯ ಮಾತು ಬೇರೆ. ಶೇಂಗಾ ಬೆಳೆದು ಎಣ್ಣೆ ತೆಗೆಯುವ ನಾಡಿನಲ್ಲಿ ಎಣ್ಣೆಗೆ ಕೈ ಬಿಗಿಹಿಡಿಯುವುದು ಕಷ್ಟವೇ. ಮುಂಜಾನೆಯ ಉಗ್ಗಾಣಿಗೆ ಮೆಣಸಿನಕಾಯಿ ಬಜ್ಜಿಯಿಲ್ಲದೆ ರುಚಿಯಿಲ್ಲವೆಂಬುದನ್ನು ನಾವೂ ಬಲ್ಲೆವು! ಆದರೆ ಒಂದು ಗ್ರಾಂ ಎಣ್ಣೆಯಲ್ಲಿ ೯ ಕ್ಯಾಲೊರಿ ಶಕ್ತಿಯಿದೆ. ಅಕ್ಕಿ, ಜೋಳಗಳ ಹಿಟ್ಟಿನಂಶದಲ್ಲಿ ೪ ಮಾತ್ರ. ಒಬ್ಬರಿಗೆ ದಿನಕ್ಕೆ ೨೫ರಿಂದ ೩೦ ಗ್ರಾಂ, ಅಂದರೆ ಐದಾರು ಚಹಾ ಚಮಚ ಎಣ್ಣೆ ಸಾಕು. ನಾಲ್ವರ ಸಂಸಾರಕ್ಕೆ ತಿಂಗಳಿಗೆ ಮೂರು ಕಿಲೋ, ಹೆಚ್ಚೆಂದರೆ ಮೂರೂವರೆ ಕಿಲೋ. ಗೃಹಿಣಿಯರು ತಮ್ಮ ಅಂಗಡಿಯ ಚೀಟಿಯನ್ನು ಒಮ್ಮೆ ನೋಡಿಕೊಳ್ಳಲಿ. ಬಜ್ಜಿಯನ್ನು ನಿತ್ಯದ ತಿಂಡಿಯಾಗಿಸದೆ ಎಂದಾದರೊಮ್ಮೆ ತಿನ್ನುವುದು ಲೇಸು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದು ಸಲ್ಲದು. ದಿನಕ್ಕೆ ಒಬ್ಬರಿಗೆ ಉಪ್ಪು ೫ ಗ್ರಾಮನ್ನು ಮೀರಬಾರದು. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಸಿಹಿ ಪಾನೀಯಗಳಿಗಿಂತ ನೀರು ಮಜ್ಜಿಗೆಯೇ ಮೇಲು.

ವಯಸ್ಕರು ವಾರಕ್ಕೆ ೧೫೦ ನಿಮಿಷಗಳಾದರೂ ಚುರುಕಾಗಿ ನಡೆಯಬೇಕು. ಮಕ್ಕಳು ದಿನಕ್ಕೆ ೬೦ ನಿಮಿಷಗಳಾದರೂ ಓಡಿ ಆಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ನಮ್ಮ ಊರಿಗೆ ಕೋಟೆಯ ಬೆಟ್ಟವಿದೆ, ರಣಮಂಡಲದ ಬೆಟ್ಟವಿದೆ. ಆಂಜನೇಯನ ದರ್ಶನಕ್ಕೆ ಹತ್ತುವ ಮೆಟ್ಟಿಲುಗಳು ಹೃದಯಕ್ಕೂ ಹಿತವೇ. ಎದೆನೋವು, ಉಬ್ಬಸಗಳಿರುವವರು ಮಾತ್ರ ವೈದ್ಯರನ್ನು ಕೇಳದೆ ಹತ್ತಬಾರದು.

ತೂಕವಿಳಿಸಲು ಉಪವಾಸ ಬಿದ್ದು ಬಳಲಬೇಕಾಗಿಲ್ಲ. ೮೦ ಕಿಲೋ ತೂಗುವವನು ನಾಲ್ಕು ಕಿಲೋ ಇಳಿಸಿ, ಇಳಿಸಿದುದನ್ನು ಉಳಿಸಿಕೊಂಡರೂ ರಕ್ತದ ಒತ್ತಡ, ಸಕ್ಕರೆ, ಜಿಡ್ಡುಗಳು ಗಮನಕ್ಕೆ ಬರುವಷ್ಟು ಸುಧಾರಿಸುತ್ತವೆ. ವರ್ಷಗಳಲ್ಲಿ ಬಂದ ಕೊಬ್ಬು ತಿಂಗಳುಗಳಲ್ಲಿ ನಿಧಾನವಾಗಿ ಹೋಗಲಿ.

ಎರಡು ಎಚ್ಚರಿಕೆಗಳು

ತೆಳ್ಳಗಿರುವವರಿಗೆ ಹೃದ್ರೋಗ ಬಾರದೆಂದು ತಿಳಿಯಬಾರದು. ೨೦೨೧ರ ಅಕ್ಟೋಬರ್ ೨೯ರಂದು, ನಿತ್ಯ ವ್ಯಾಯಾಮ ಮಾಡುತ್ತಿದ್ದ ನಟ ಪುನೀತ್ ರಾಜ್‌ಕುಮಾರ್ ಅವರು ೪೬ರ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ದುಃಖವನ್ನು ಕನ್ನಡಿಗರು ಮರೆತಿಲ್ಲ. ವಂಶದ ಗುಣ, ತಂಬಾಕು, ರಕ್ತದೊತ್ತಡ, ಮಧುಮೇಹ ಹೀಗೆ ಕಾರಣಗಳು ಹಲವು. ಅವುಗಳಲ್ಲಿ ಕೆಲವು ನಮ್ಮ ಕೈಯಲ್ಲಿಲ್ಲ. ಮೈಭಾರವು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ ಎಂಬುದೇ ಅದನ್ನು ಕುರಿತು ಬರೆಯಲು ಕಾರಣ. ಎದೆಯಲ್ಲಿ ಭಾರ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ ಕಂಡರೆ “ಗ್ಯಾಸು” ಎಂದು ಸೋಡಾ ಕುಡಿಸುತ್ತ ಹೊತ್ತು ಕಳೆಯದೆ ೧೦೮ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ಮಧುಮೇಹಿಗಳಿಗೂ ಹೆಂಗಸರಿಗೂ ನೋವಿಲ್ಲದೆ ಬರಿಯ ಆಯಾಸ, ಉಬ್ಬಸಗಳೇ ತೋರಬಹುದು.

ಇನ್ನೊಂದು ಮಾತು ನಮ್ಮ ವಿದ್ಯಾರ್ಥಿಗಳಿಗೆ. ಈ ಲೇಖನವನ್ನು ಓದಿ, ತರಗತಿಯಲ್ಲಿ ದಪ್ಪಗಿರುವ ಗೆಳೆಯನನ್ನು “ಡುಮ್ಮ” ಎಂದು ಕರೆದು ನಕ್ಕರೆ ನಮ್ಮ ಶ್ರಮವೆಲ್ಲ ವ್ಯರ್ಥ. ಹಂಗಿಸಿಕೊಂಡ ಮಗು ಆಟದ ಬಯಲಿಗೆ ಬಾರದೆ ಮೂಲೆ ಸೇರುತ್ತದೆ. ಅದರ ತೂಕ ಇಳಿಯುವುದಿಲ್ಲ, ಏರುತ್ತದೆ. ಅವನನ್ನು ಕಬಡ್ಡಿಗೂ ಖೊಖೊ ಆಟಕ್ಕೂ ಕೈಹಿಡಿದು ಕರೆದುಕೊಳ್ಳುವುದೇ ಸ್ನೇಹ. ತಂದೆತಾಯಿಗಳೂ ಮಗುವೊಂದನ್ನೇ ಪಥ್ಯಕ್ಕೆ ಕೂರಿಸಿ ತಾವು ಬಜ್ಜಿ ತಿನ್ನದೆ, ಮನೆಯ ಊಟವನ್ನೇ ತಿದ್ದಲಿ. ಸಂಜೆ ಮಗುವಿನೊಡನೆ ತಾವೂ ನಡೆಯಲಿ.

ಮಕ್ಕಳು ಮೈಕೈ ತುಂಬಿಕೊಂಡು ಬೆಳೆಯಲಿ ಎಂಬ ಹಿರಿಯರ ಹರಕೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವರ ಮೈ ತುಂಬಬೇಕಾದುದು ದುಡಿದ ಸ್ನಾಯುವಿನಿಂದ, ಕೂತು ಬೆಳೆದ ಕೊಬ್ಬಿನಿಂದಲ್ಲ. ಈ ಸಂಚಿಕೆಯನ್ನು ಮನೆಗೆ ಒಯ್ಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂದು ಸಂಜೆ ಒಂದು ಟೇಪನ್ನು ಹುಡುಕಿ, ತಂದೆತಾಯಿಗಳ ಹೊಟ್ಟೆಯ ಸುತ್ತಳತೆಯನ್ನು ತೆಗೆದು ಗೋಡೆಯ ಪಂಚಾಂಗದಲ್ಲಿ ಬರೆದಿಡಲಿ. ಮುಂದಿನ ಯುಗಾದಿಗೆ ಮತ್ತೊಮ್ಮೆ ಅಳೆಯಲಿ. ಅಷ್ಟು ಮಾಡಿದರೆ ನಾವು ಇದನ್ನು ಬರೆದುದು ಸಾರ್ಥಕ.